ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಹೊತ್ತು ಎಷ್ಟು?

ಪ್ರಶ್ನೆ: ನಾನು ತಿಪಟೂರಿನಲ್ಲಿ ನೆಲೆಸಿರುವ ನಿವೃತ್ತ ಗಣಿತ ಶಿಕ್ಷಕ. ಬರುವ ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ, ಏಪ್ರಿಲ್‌ನಲ್ಲಿ ಹಿಂದಿರುಗುತ್ತೇವೆ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ವಿಮಾನದ ದೂರ 13,993 ಕಿ.ಮೀ., ಪ್ರಯಾಣದ ಅವಧಿ 17 ಗಂಟೆ 53 ನಿಮಿಷ ಎಂದು ಒಂದು ಕಡೆ ಓದಿದೆ. ನೇರ ವಿಮಾನದಲ್ಲಿ ಹೋಗಿಬಂದ ಪರಿಚಿತರು ಹೋಗುವಾಗ 16 ಗಂಟೆ, ಬರುವಾಗ ಹದಿನೇಳೂವರೆ ಗಂಟೆ ಎನ್ನುತ್ತಾರೆ. ಟಿಕೆಟ್ ಮಾಡಿಸುವವರು 22 ಗಂಟೆ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ? ಹೋಗುವ ದಾರಿಯೇ ಬರುವ ದಾರಿಯಲ್ಲವೇ, ಹೊತ್ತು ಏಕೆ ಬೇರೆ? ಮಧ್ಯಾಹ್ನ ಹೊರಟವರು ಅದೇ ದಿನ ಸಂಜೆ ಇಳಿಯುವುದು ಹೇಗೆ? ನಮ್ಮಂಥ ವಯಸ್ಸಾದವರಿಗೆ ನೇರ ವಿಮಾನ ಒಳ್ಳೆಯದೋ, ನಡುವೆ ಒಂದು ಕಡೆ ಇಳಿದು ಹೋಗುವುದು ಒಳ್ಳೆಯದೋ?

ಉತ್ತರ: ಮೊದಲು ದೂರದ ಮಾತನ್ನು ಮುಗಿಸೋಣ, ಏಕೆಂದರೆ ನೀವು ಕೇಳಿರುವುದರಲ್ಲಿ ಒಂದೇ ಖಚಿತ ಉತ್ತರವಿರುವುದು ಅದಕ್ಕೆ ಮಾತ್ರ. ನೀವು ಗಣಿತದ ಮೇಷ್ಟ್ರಾದ್ದರಿಂದ ನನ್ನ ಮಾತನ್ನು ನಂಬಬೇಕಾಗಿಲ್ಲ, ನೀವೇ ಕಾಗದದ ಮೇಲೆ ಮಾಡಿ ನೋಡಬಹುದು. ದೇವನಹಳ್ಳಿಯ ವಿಮಾನ ನಿಲ್ದಾಣವಿರುವುದು ಉತ್ತರ ಅಕ್ಷಾಂಶ 13.2 ಡಿಗ್ರಿ, ಪೂರ್ವ ರೇಖಾಂಶ 77.7 ಡಿಗ್ರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣವಿರುವುದು ಉತ್ತರ ಅಕ್ಷಾಂಶ 37.6 ಡಿಗ್ರಿ, ಪಶ್ಚಿಮ ರೇಖಾಂಶ 122.4 ಡಿಗ್ರಿಯಲ್ಲಿ. ಪೂರ್ವದ ಕಡೆಯಿಂದ ಎಣಿಸಿದರೆ ಎರಡರ ರೇಖಾಂಶಗಳ ನಡುವೆ 159.9 ಡಿಗ್ರಿ ಅಂತರವಿದೆ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ, ಅದಕ್ಕೆ ಎರಡು ಅಕ್ಷಾಂಶಗಳ ಕೊಸೈನ್ ಮತ್ತು ಈ ಅಂತರದ ಕೊಸೈನ್ ಮೂರರ ಗುಣಲಬ್ಧವನ್ನು ಕೂಡಿದರೆ, ಭೂಮಿಯ ಕೇಂದ್ರದಿಂದ ನೋಡಿದಾಗ ಎರಡು ಊರುಗಳ ನಡುವೆ ಕಾಣುವ ಕೋನದ ಕೊಸೈನ್ ಸಿಗುತ್ತದೆ. ಆ ಕೋನ ಸುಮಾರು 125.8 ಡಿಗ್ರಿ. ಭೂಮಿಯ ಮೇಲ್ಮೈಯಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 111.2 ಕಿ.ಮೀ. ಆದ್ದರಿಂದ ದೂರ 13,989 ಕಿ.ಮೀ. ಎಂದು ಬರುತ್ತದೆ. ಭೂಮಿ ಧ್ರುವಗಳ ಬಳಿ ತುಸು ಚಪ್ಪಟೆಯಾಗಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದು 13,993ರ ಆಸುಪಾಸಿಗೆ ಏರುತ್ತದೆ. ನೀವು ಓದಿದ ದೂರ ಸರಿಯಾಗಿಯೇ ಇದೆ.

ಆದರೆ ಅದು ಭೂಮಿಯ ಅಳತೆಯೇ ಹೊರತು ವಿಮಾನ ಹಾರುವ ದಾರಿಯ ಅಳತೆಯಲ್ಲ. ನಾನು ಅನೇಕ ವರ್ಷ ವಿಮಾನಗಳ ಡಿಸ್ಪ್ಯಾಚ್ ಕೆಲಸದಲ್ಲಿದ್ದವನು. ಒಂದು ವಿಮಾನ ಇಂದು ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಎತ್ತರದಲ್ಲಿ ಹಾರಬೇಕು, ಎಷ್ಟು ಇಂಧನ ತುಂಬಿಕೊಳ್ಳಬೇಕು ಎಂದು ನೆಲದ ಮೇಲೆ ಕುಳಿತು ಲೆಕ್ಕ ಹಾಕಿ ಪೈಲಟ್‌ಗಳ ಕೈಗೆ ಕೊಡುವುದು ಆ ಕೆಲಸ. ಅಲ್ಲಿ ದಿನಬೆಳಗಾದರೆ ಕಾಣುತ್ತಿದ್ದ ಸಂಗತಿಯೊಂದನ್ನು ಹೊರಗಿನವರಿಗೆ ಮನಗಾಣಿಸುವುದು ಬಹಳ ಕಷ್ಟ: ಇಷ್ಟು ದೂರದ ಪ್ರಯಾಣದಲ್ಲಿ ಹೊತ್ತನ್ನು ತೀರ್ಮಾನಿಸುವುದು ಕಿಲೋಮೀಟರುಗಳಿಗಿಂತ ಹೆಚ್ಚಾಗಿ ಗಾಳಿ.

ಗಾಳಿಗೆ ಬರುವ ಮುನ್ನ ಆ 17 ಗಂಟೆ 53 ನಿಮಿಷ ಎಲ್ಲಿಂದ ಬಂತೆಂದು ನೋಡಿ. 13,993 ಕಿ.ಮೀ. ಎಂದರೆ 8,695 ಮೈಲಿ. ವಿಮಾನ ಗಂಟೆಗೆ 500 ಮೈಲಿ ಓಡುತ್ತದೆಂದು ಹಿಡಿದರೆ 17 ಗಂಟೆ 23 ನಿಮಿಷವಾಗುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಎಂದು ಅರ್ಧ ಗಂಟೆ ಸೇರಿಸಿದರೆ 17 ಗಂಟೆ 53 ನಿಮಿಷ. ದೂರ ಹೇಳುವ ಯಂತ್ರಗಳು ಲೋಕದ ಯಾವ ಎರಡು ಊರುಗಳನ್ನು ಕೇಳಿದರೂ ಇದೇ ಸೂತ್ರವನ್ನು ಹಚ್ಚುತ್ತವೆ. ನಿಮಿಷದವರೆಗೆ ಹೇಳಿದ್ದರಿಂದ ಅದು ನಿಖರವೆಂಬ ಭ್ರಮೆ ಹುಟ್ಟುತ್ತದೆ. ನಿಜವಾಗಿ ಅದರಲ್ಲಿ ಗಾಳಿಯೂ ಇಲ್ಲ, ದಾರಿಯೂ ಇಲ್ಲ, ವಿಮಾನವೂ ಇಲ್ಲ. ಹೋಗುವುದಕ್ಕೂ ಬರುವುದಕ್ಕೂ ಅದು ಒಂದೇ ಉತ್ತರ ಕೊಡುತ್ತದೆಂಬುದೇ ಅದರ ಕೊರತೆಗೆ ಸಾಕ್ಷಿ.

ಈಗ ದಾರಿ. ಗೋಡೆಗೆ ನೇತುಹಾಕುವ ಪ್ರಪಂಚದ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಡಿಕೋಲಿಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ ದಾಟಿ, ಆಫ್ರಿಕದ ಉತ್ತರ ಭಾಗವನ್ನು ಹಾಯ್ದು, ಅಟ್ಲಾಂಟಿಕ್ ಮೇಲೆ ಸಾಗಿ, ಅಮೆರಿಕದ ಉದ್ದಗಲವನ್ನು ಕ್ರಮಿಸಿ ಹೋಗುತ್ತದೆ. ನೋಡಲು ನೇರವಾಗಿರುವ ಈ ಗೆರೆಯ ನಿಜವಾದ ಉದ್ದ ಸುಮಾರು 20,000 ಕಿ.ಮೀ. ನಿಮ್ಮ ಶಾಲೆಯಲ್ಲಿದ್ದಂಥ ಒಂದು ಗೋಳವನ್ನು ತೆಗೆದುಕೊಂಡು, ಬೆಂಗಳೂರಿನ ಮೇಲೆ ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಕಡೆಗೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಜಾರುತ್ತಾ ಉತ್ತರಕ್ಕೆ ಸರಿದು ನಿಲ್ಲುತ್ತದೆ. ಅದು ಪಶ್ಚಿಮಕ್ಕೂ ಹೋಗುವುದಿಲ್ಲ, ನೇರ ಪೂರ್ವಕ್ಕೂ ಹೋಗುವುದಿಲ್ಲ. ಬೆಂಗಳೂರಿನಿಂದ ಉತ್ತರಕ್ಕೆ ತುಸು ಪೂರ್ವವಾಗಿ ಹೊರಟು, ನೇಪಾಳದ ಹಿಮಾಲಯ, ಟಿಬೆಟ್, ಚೀನಾದ ಷಿನ್‌ಜಿಯಾಂಗ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯ ಇವನ್ನೆಲ್ಲ ದಾಟಿ, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ನಡುವಿನಿಂದ ಇಳಿದು ಪೆಸಿಫಿಕ್ ಕರಾವಳಿಯನ್ನು ಸೇರುತ್ತದೆ. 30 ಸೆಂ.ಮೀ. ವ್ಯಾಸದ ಗೋಳವಾದರೆ ಆ ದಾರದ ಉದ್ದ ಸುಮಾರು 33 ಸೆಂ.ಮೀ. ಇರುತ್ತದೆ. 13,993 ಕಿ.ಮೀ. ಎಂದರೆ ಈ ದಾರ.

ಈ ದಾರದ ಮೇಲೆಯೇ ವಿಮಾನ ಹಾರಲಾರದು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 4,500 ಮೀಟರ್. ವಿಮಾನ ಅದಕ್ಕಿಂತ ಬಹಳ ಮೇಲೆ ಹಾರುತ್ತದೆಂಬುದು ನಿಜ, ಆದರೆ ಒಳಗಿನ ಗಾಳಿಯ ಒತ್ತಡ ಯಾವುದೋ ಕಾರಣಕ್ಕೆ ಇಳಿದುಹೋದರೆ ಪೈಲಟ್ ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ, ಅಂದರೆ ಮನುಷ್ಯರು ಸಹಜವಾಗಿ ಉಸಿರಾಡಬಹುದಾದ ಮಟ್ಟಕ್ಕೆ, ವಿಮಾನವನ್ನು ಇಳಿಸಬೇಕು. ತಲೆಯ ಮೇಲಿನಿಂದ ಬೀಳುವ ಮುಖವಾಡಗಳು ಪ್ರಯಾಣಿಕರಿಗೆ ಆಮ್ಲಜನಕ ಕೊಡುವುದು ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷಗಳ ಮಟ್ಟಿಗೆ. ಕೆಳಗೆ ನೆಲವೇ 4,500 ಮೀಟರ್ ಎತ್ತರವಿರುವಾಗ 3,000ಕ್ಕೆ ಇಳಿಯುವುದೆಲ್ಲಿಗೆ? ಆದ್ದರಿಂದಲೇ ಬೆಂಗಳೂರಿನ ವಿಮಾನಗಳು ಈ ಮಹಾ ಗೋಡೆಯನ್ನು ಬಲಕ್ಕೋ ಎಡಕ್ಕೋ ಬಳಸಿ ಹೋಗಬೇಕು. ಬಲಕ್ಕೆ ಬಳಸಿದರೆ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾದ ದಕ್ಷಿಣ ಭಾಗ, ಜಪಾನ್, ಅಲ್ಲಿಂದ ಪೆಸಿಫಿಕ್ ಸಾಗರ. ಎಡಕ್ಕೆ ಬಳಸಿದರೆ ಮಧ್ಯ ಏಷ್ಯ, ರಷ್ಯ, ಉತ್ತರ ಧ್ರುವದ ಆಸುಪಾಸು, ಕೆನಡ. ಜಪಾನಿನ ಮೇಲಿನ ದಾರಿ ಸುಮಾರು 15,000 ಕಿ.ಮೀ. ಆಗುತ್ತದೆ, ಅಂದರೆ ದಾರಕ್ಕಿಂತ 1,000 ಕಿ.ಮೀ. ಹೆಚ್ಚು. ಉತ್ತರ ಧ್ರುವದ ಬಿಂದುವನ್ನೇ ಮುಟ್ಟಿ ಹೋದರೆ ಎಷ್ಟಾಗುತ್ತದೆಂದು ನೀವೇ ಕೂಡಿ ನೋಡಿ: ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 52.4 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 76.8 ಡಿಗ್ರಿ, ಒಟ್ಟು 129.2. ಅತಿ ಹತ್ತಿರದ ದಾರಿಗಿಂತ ಮೂರೂವರೆ ಡಿಗ್ರಿಯೂ ಹೆಚ್ಚಿಲ್ಲ, 400 ಕಿ.ಮೀ.ಗಿಂತ ಕಡಿಮೆ ಸುತ್ತು! ಧ್ರುವದ ಮೇಲೆ ಹೋಗುವುದು ಸಾಹಸಕ್ಕಾಗಿ ಅಲ್ಲ, ಅದು ನಿಜಕ್ಕೂ ದಾರಿಯ ಬದಿಯಲ್ಲೇ ಇದೆ. ಪರ್ವತಗಳನ್ನೂ, ಹಾರಲು ಬಿಡದ ವಾಯುಪ್ರದೇಶಗಳನ್ನೂ ಸುತ್ತುಹಾಕಿ ಹೋಗುವುದರಿಂದ ಹಾರುವ ದೂರ ಇದಕ್ಕಿಂತ ಬೆಳೆಯುತ್ತದೆ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿಕೊಂಡು, ಉತ್ತರ ಧ್ರುವದ ಮೇಲೆ ಹಾರಿ, 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಅದು ಕ್ರಮಿಸಿದ ದಾರಿ ಸುಮಾರು 16,000 ಕಿ.ಮೀ., ತೆಗೆದುಕೊಂಡ ಹೊತ್ತು 17 ಗಂಟೆಗೂ ಮೇಲೆ.

ಹಾಗಾದರೆ ಒಂದೇ ವಿಮಾನ ಒಮ್ಮೆ ಪೆಸಿಫಿಕ್ ಮೇಲೆ, ಒಮ್ಮೆ ಧ್ರುವದ ಕಡೆಯಿಂದ ಹೋಗುವುದೇಕೆ? ಇಲ್ಲಿಯೇ ಗಾಳಿ ಬರುತ್ತದೆ.

ನೆಲದಿಂದ ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಭೂಮಿಯ ನಡುಪಟ್ಟಿಯ ಬಿಸಿಗಾಳಿಗೂ ಉತ್ತರದ ತಣ್ಣನೆಯ ಗಾಳಿಗೂ ನಡುವಿನ ಗಡಿಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿಯಿದೆ. ಅದನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಈ ಎರಡು ಗಾಳಿಗಳ ಉಷ್ಣತೆಯ ವ್ಯತ್ಯಾಸ ಹೆಚ್ಚುವುದರಿಂದ ಆ ಹೊಳೆಯೂ ಉಕ್ಕುತ್ತದೆ. ಜಪಾನಿನ ಮೇಲೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಜನವರಿಯಲ್ಲಿ ಮಾಮೂಲು ಸಂಗತಿ. ದೊಡ್ಡ ವಿಮಾನವೊಂದು ಸುತ್ತಲಿನ ಗಾಳಿಗೆ ಹೋಲಿಸಿದರೆ ಗಂಟೆಗೆ ಸುಮಾರು 890 ಕಿ.ಮೀ. ವೇಗದಲ್ಲಿ ಹಾರುತ್ತದೆ. ಆ ಗಾಳಿಯೇ ಮುಂದಕ್ಕೆ ಹರಿಯುತ್ತಿದ್ದರೆ ನೆಲದ ಮೇಲೆ ವಿಮಾನ ಕ್ರಮಿಸುವ ದೂರ ಅಷ್ಟು ಹೆಚ್ಚುತ್ತದೆ. ಹೊಳೆಯ ಸೆಳವಿನ ಜೊತೆ ಹೋಗುವ ದೋಣಿಗೂ ಸೆಳವಿಗೆ ಎದುರಾಗಿ ಬರುವ ದೋಣಿಗೂ ಇರುವ ವ್ಯತ್ಯಾಸವನ್ನು ನೀವು ಎಷ್ಟು ತಂಡದ ಮಕ್ಕಳಿಗೆ ಲೆಕ್ಕವಾಗಿ ಕೊಟ್ಟಿಲ್ಲ! ಇದು ಅದೇ ಲೆಕ್ಕ.

ಪೆಸಿಫಿಕ್ ದಾರಿಯ 15,000 ಕಿ.ಮೀ. ತೆಗೆದುಕೊಳ್ಳಿ. ಗಾಳಿಯೇ ಇಲ್ಲದಿದ್ದರೆ 890 ಕಿ.ಮೀ. ವೇಗಕ್ಕೆ 16 ಗಂಟೆ 51 ನಿಮಿಷ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಹಿಂಗಾಳಿ ಸಿಕ್ಕಿತೆನ್ನಿ, ಆಗ 15 ಗಂಟೆ 9 ನಿಮಿಷ. ಅದೇ ದಾರಿಯಲ್ಲಿ ಅದೇ ಗಾಳಿಗೆ ಎದುರಾಗಿ ಹಿಂದಿರುಗಿದರೆ 18 ಗಂಟೆ 59 ನಿಮಿಷ. ಹೋಗುವಾಗ ಉಳಿದದ್ದು 1 ಗಂಟೆ 42 ನಿಮಿಷ, ಬರುವಾಗ ಕಳೆದುಕೊಂಡದ್ದು 2 ಗಂಟೆ 8 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಲುಕಿರುವುದರಿಂದ ನಷ್ಟ ಯಾವಾಗಲೂ ಲಾಭಕ್ಕಿಂತ ದೊಡ್ಡದು. ಆದ್ದರಿಂದ ಬರುವಾಗ ಆ ಹೊಳೆಯ ಕಡೆಗೇ ಸುಳಿಯದೆ, ಗಾಳಿ ಮಂದವಾಗಿರುವ ಧ್ರುವದ ಕಡೆಗೆ ಏರುವುದು ಜಾಣತನ. ಅಲ್ಲಿ ಸರಾಸರಿ 30 ಕಿ.ಮೀ. ಎದುರುಗಾಳಿ ಎಂದು ಹಿಡಿದರೆ ಅದೇ 15,000 ಕಿ.ಮೀ.ಗೆ 17 ಗಂಟೆ 26 ನಿಮಿಷ ಸಾಕಾಗುತ್ತದೆ. ಇವು ತಿಳಿಯಲೆಂದು ನಾನು ಹಿಡಿದ ದುಂಡು ಅಂಕಿಗಳು, ಆದರೆ ನಿಮ್ಮ ಪರಿಚಿತರು ಹೇಳಿದ 16 ಗಂಟೆ ಮತ್ತು ಹದಿನೇಳೂವರೆ ಗಂಟೆ ಹೇಗೆ ಹುಟ್ಟುತ್ತವೆಂಬುದು ಇವುಗಳಿಂದ ಕಾಣುತ್ತದೆ.

ಭೂಮಿ ತಿರುಗುವುದರಿಂದ ಹೀಗಾಗುತ್ತದೆಂದು ಹಲವರು ವಿವರಿಸುತ್ತಾರೆ. ವಿಮಾನದ ಕೆಳಗೆ ಭೂಮಿ ಸರಿದುಹೋಗುತ್ತದೆ ಎಂಬುದು ತಪ್ಪು ಕಲ್ಪನೆ, ಏಕೆಂದರೆ ಗಾಳಿಯೂ ಅದರೊಳಗಿನ ವಿಮಾನವೂ ಭೂಮಿಯ ಜೊತೆಯಲ್ಲೇ ತಿರುಗುತ್ತಿರುತ್ತವೆ. ಹಾಗೇನಾದರೂ ಆಗುವಂತಿದ್ದರೆ ಪಶ್ಚಿಮಕ್ಕೆ ಹೋಗುವವರಿಗೆ ಬೇಗ ತಲುಪುವ ಭಾಗ್ಯ ಸಿಗಬೇಕಿತ್ತು, ಆಗುವುದು ಅದರ ತಿರುವು ಮುರುವು. ಉಷ್ಣತೆಯ ವ್ಯತ್ಯಾಸದಿಂದ ಉತ್ತರದ ಕಡೆಗೆ ಹೊರಟ ಗಾಳಿಯನ್ನು ಪೂರ್ವಕ್ಕೆ ಬಾಗಿಸುವಲ್ಲಿ ಮಾತ್ರ ಭೂಮಿಯ ತಿರುಗುವಿಕೆಯ ಪಾತ್ರವಿದೆ.

ಕಚೇರಿಯಲ್ಲಿ ಇದು ಹೇಗೆ ಕಾಣುತ್ತಿತ್ತೆಂದು ಹೇಳುತ್ತೇನೆ. ಒಂದು ಚಳಿಗಾಲದ ರಾತ್ರಿಪಾಳಿ. ಅಮೆರಿಕದ ಪಶ್ಚಿಮ ಕರಾವಳಿಗೆ ಹೊರಡಬೇಕಿದ್ದ ವಿಮಾನಕ್ಕೆ ಗಣಕಯಂತ್ರ ಎರಡು ಯೋಜನೆಗಳನ್ನು ಮುದ್ರಿಸಿ ಕೊಟ್ಟಿತ್ತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡು, ದೂರದ ಸಾಲಿಗೆ ಪೆನ್ಸಿಲ್‌ನಿಂದ ಸುತ್ತು ಹಾಕಿ, "ಸರ್, ಇದು ಸಾವಿರ ಕಿಲೋಮೀಟರ್ ಹತ್ತಿರ, ಇದನ್ನೇ ಕಳಿಸೋಣವೇ?" ಎಂದಳು. ಮೂರು ಸಾಲು ಕೆಳಗೆ ನೋಡಮ್ಮ ಎಂದೆ. ಅಲ್ಲಿ ಒಂದರ ಮುಂದೆ ಹಿಂಗಾಳಿಯ ಕೂಡು ಗುರುತು, ಇನ್ನೊಂದರ ಮುಂದೆ ಎದುರುಗಾಳಿಯ ಕಳೆ ಗುರುತು. ದೂರದ ದಾರಿ ಹಿಡಿದರೆ ಹೊತ್ತೂ ಕಡಿಮೆ, ಇಂಧನವೂ ಹಲವು ಟನ್ ಕಡಿಮೆ. ಅವಳು ಬಹಳ ಹೊತ್ತು ಆ ಎರಡು ಹಾಳೆಗಳನ್ನೇ ನೋಡುತ್ತಾ ಕುಳಿತಿದ್ದಳು. ಇದೇ ಲೆಕ್ಕದ ಮೇಲೆ 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ದಾರಿಯಿಂದ ಪೆಸಿಫಿಕ್ ದಾರಿಗೆ ಹೊರಳಿಸಿತು. ಹಳೆಯ ದಾರಿ ಸುಮಾರು 13,900 ಕಿ.ಮೀ., ಹೊಸದು ಸುಮಾರು 15,300 ಕಿ.ಮೀ. ಆದರೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗ, ತಲುಪಿತು.

ಗಾಳಿಯ ಜೊತೆಗೆ ಇನ್ನೂ ಕೆಲವು ಸಂಗತಿಗಳು ದಾರಿಯನ್ನು ಬಾಗಿಸುತ್ತವೆ. ಎರಡು ಎಂಜಿನ್‌ಗಳ ವಿಮಾನ, ಒಂದು ಎಂಜಿನ್ ನಿಂತರೂ ಗೊತ್ತುಪಡಿಸಿದ ಹೊತ್ತಿನೊಳಗೆ ಇಳಿಯಬಹುದಾದ ನಿಲ್ದಾಣವೊಂದನ್ನು ಎಟುಕಿನಲ್ಲಿ ಇಟ್ಟುಕೊಂಡೇ ಹೋಗಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದ ರಷ್ಯದ ಮಗದಾನ್‌ನಲ್ಲಿ ಇಳಿದದ್ದು ಇಂಥ ಏರ್ಪಾಡಿನ ಫಲ; ಪ್ರಯಾಣಿಕರಿಗೆ ಅಲ್ಲಿ ತೊಂದರೆಯಾಯಿತು, ಆದರೆ ಎಲ್ಲರೂ ಕ್ಷೇಮವಾಗಿ ನೆಲ ಮುಟ್ಟಿದರು. ಧ್ರುವದ ಕಡೆ ಹೋಗುವಾಗ ಇಂಧನ ಹೆಪ್ಪುಗಟ್ಟದಂತೆಯೂ ನೋಡಿಕೊಳ್ಳಬೇಕು. ನಮ್ಮಲ್ಲಿ ತುಂಬುವ ಜೆಟ್ ಎ-1 ಇಂಧನ ತಡೆದುಕೊಳ್ಳುವುದು ಮೈನಸ್ 47 ಡಿಗ್ರಿಯವರೆಗೆ, ಅಮೆರಿಕದಲ್ಲಿ ತುಂಬುವ ಜೆಟ್ ಎ ತಡೆದುಕೊಳ್ಳುವುದು ಮೈನಸ್ 40ರವರೆಗೆ ಮಾತ್ರ. ಧ್ರುವದ ದಾರಿಯಲ್ಲಿ ಬರುವುದು ಅಲ್ಲಿ ಇಂಧನ ತುಂಬಿಕೊಂಡ ವಿಮಾನವೇ ಆದ್ದರಿಂದ, ರೆಕ್ಕೆಯೊಳಗಿನ ಇಂಧನದ ಉಷ್ಣತೆಯ ಮೇಲೆ ಪೈಲಟ್‌ಗಳು ಕಣ್ಣಿಟ್ಟಿರುತ್ತಾರೆ, ಅಗತ್ಯವಾದರೆ ಕೆಳಗಿನ ಬೆಚ್ಚಗಿನ ಪದರಕ್ಕೆ ಇಳಿಯುತ್ತಾರೆ. ದೇಶಗಳ ನಡುವಿನ ಮನಸ್ತಾಪವೂ ದಾರಿಯನ್ನು ಬಾಗಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಯುರೋಪಿನಲ್ಲಿ ಇಳಿದು ಇಂಧನ ತುಂಬಿಕೊಳ್ಳಬೇಕಾಯಿತು.

ಬೆಂಗಳೂರಿಗೇ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ಗಾಳಿ ತೆಳ್ಳಗಿರುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನಷ್ಟು ತೆಳ್ಳಗಾಗುತ್ತದೆ. ತೆಳುಗಾಳಿಯಲ್ಲಿ ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ, ಎಂಜಿನ್ನಿನ ತಳ್ಳುಬಲವೂ ಕಡಿಮೆ. 4,000 ಮೀಟರ್ ಉದ್ದದ ಓಡುಹಾದಿಯಿದ್ದರೂ ಇಷ್ಟು ದೂರದ ಪ್ರಯಾಣಕ್ಕೆ ಬೇಕಾದ ಇಂಧನ ತುಂಬಿದ ಮೇಲೆ ಎಷ್ಟು ಜನ, ಎಷ್ಟು ಸರಕು ಹೊರಬಹುದೆಂಬುದಕ್ಕೆ ಕಟ್ಟುನಿಟ್ಟಾದ ಮಿತಿ ಬೀಳುತ್ತದೆ. ಈ ಮಾರ್ಗ ಆರಂಭವಾದಾಗ ಹಾರಿದ ಬೋಯಿಂಗ್ 777-200 ಎಲ್‌ಆರ್ ವಿಮಾನದಲ್ಲಿ ಇದ್ದದ್ದು 238 ಆಸನ, ಅದು ಹೊರಬಲ್ಲ ಇಂಧನ 1,81,000 ಲೀಟರ್‌ಗೂ ಹೆಚ್ಚು, ಎಲ್ಲ ಸೇರಿ ನೆಲ ಬಿಡಬಹುದಾದ ಗರಿಷ್ಠ ತೂಕ 347 ಟನ್ನಿನಷ್ಟು. ಆ ತೂಕದಲ್ಲಿ ಐದನೇ ಎರಡು ಪಾಲು ಇಂಧನವೇ ಇರಬಹುದು. ವಿಮಾನ ತನ್ನ ಇಂಧನವನ್ನು ಹೊರುವುದಕ್ಕೇ ಒಂದಷ್ಟು ಇಂಧನ ಸುಡುತ್ತದೆ. ನೇರ ವಿಮಾನಗಳ ಟಿಕೆಟ್ ದುಬಾರಿಯಾಗುವುದಕ್ಕೂ, ಅವುಗಳ ವೇಳಾಪಟ್ಟಿ ಆಗಾಗ ಬದಲಾಗುವುದಕ್ಕೂ, ಮಾರ್ಗಗಳೇ ನಿಂತುಹೋಗುವುದಕ್ಕೂ ಮೂಲ ಇದು. ಆದ್ದರಿಂದ ನೀವು ಟಿಕೆಟ್ ಮಾಡಿಸುವ ದಿನ ನೇರ ವಿಮಾನ ಇದೆಯೇ, ಇದ್ದರೆ ವಾರದ ಯಾವ ದಿನಗಳಲ್ಲಿ ಎಂಬುದನ್ನು ವಿಮಾನ ಸಂಸ್ಥೆಯಲ್ಲೇ ವಿಚಾರಿಸಿ. ಕಳೆದ ವರ್ಷ ಹೋಗಿಬಂದವರ ಮಾತನ್ನು ನೆಚ್ಚಬೇಡಿ.

ಇನ್ನು ಗಡಿಯಾರ. ಮಧ್ಯಾಹ್ನ ಹೊರಟು ಅದೇ ಸಂಜೆ ಇಳಿಯುವುದರಲ್ಲಿ ಯಾವ ಪವಾಡವೂ ಇಲ್ಲ. ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ನೀವು ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟರೆ ಆ ಗಳಿಗೆಯಲ್ಲಿ ನಿಮ್ಮ ಮಗಳ ಮನೆಯಲ್ಲಿ ಅದೇ ತಾರೀಕಿನ ನಡುರಾತ್ರಿ ಕಳೆದು ಒಂದು ಗಂಟೆ. ಅದಕ್ಕೆ 16 ಗಂಟೆ ಕೂಡಿಸಿ: ಸಂಜೆ ಐದು. ನಿಮ್ಮ ಕೈಗಡಿಯಾರ ಆಗ ಮರುದಿನ ಬೆಳಗಿನ ಆರೂವರೆ ತೋರಿಸುತ್ತಿರುತ್ತದೆ. ವಿಮಾನ ಪೆಸಿಫಿಕ್ ನಡುವಿನ ದಿನಾಂಕ ರೇಖೆಯನ್ನು ದಾಟಿತೇ, ಧ್ರುವದ ಕಡೆಯಿಂದ ಹೋಯಿತೇ ಎಂಬುದು ಈ ಲೆಕ್ಕಕ್ಕೆ ಸಂಬಂಧವೇ ಇಲ್ಲ. ಹೊರಟ ಗಳಿಗೆಯನ್ನು ತಲುಪುವ ಊರಿನ ಗಡಿಯಾರಕ್ಕೆ ಬದಲಿಸಿ, ಹಾರುವ ಹೊತ್ತನ್ನು ಕೂಡಿದರೆ ಮುಗಿಯಿತು.

ಬರುವಾಗ ಎಚ್ಚರ ಬೇಕು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನೀವು ಹಿಂದಿರುಗುವ ಏಪ್ರಿಲ್‌ನಲ್ಲಿ ಅಂತರ ಹನ್ನೆರಡೂವರೆ ಗಂಟೆಯಾಗಿರುತ್ತದೆ. 9ನೇ ತಾರೀಕು ರಾತ್ರಿ ಒಂಬತ್ತಕ್ಕೆ ಅಲ್ಲಿಂದ ಹೊರಟರೆ ನಮ್ಮಲ್ಲಿ ಆಗ 10ರ ಬೆಳಗ್ಗೆ ಒಂಬತ್ತೂವರೆ. ಹದಿನೇಳೂವರೆ ಗಂಟೆ ಕೂಡಿದರೆ 11ರ ಬೆಳಗಿನ ಜಾವ ಮೂರು. 10ನೇ ತಾರೀಕು ನಿಮ್ಮ ಪಾಲಿಗೆ ಪೂರ್ತಿಯಾಗಿ ಆಕಾಶದಲ್ಲೇ ಕಳೆದುಹೋಗುತ್ತದೆ. ನಮ್ಮ ಮನೆಯಲ್ಲೇ ಇದರಿಂದ ಒಂದು ಅಚಾತುರ್ಯ ನಡೆಯಿತು. ನನ್ನ ಅಕ್ಕ ಭಾವ ಹೀಗೆಯೇ ಅಲ್ಲಿಂದ ಹೊರಟಾಗ, ರಾತ್ರಿ ಹೊರಟವರು ಮರುದಿನ ಬರುತ್ತಾರೆಂದು ತಿಳಿದು ಅವರ ಮಗ ಒಂದು ದಿನ ಮೊದಲೇ ಕಾರು ಕಳಿಸಿಬಿಟ್ಟ. ಚಾಲಕ ಬೆಳಗಿನ ಜಾವದ ಚಳಿಯಲ್ಲಿ ಹೆಸರು ಬರೆದ ರಟ್ಟು ಹಿಡಿದುಕೊಂಡು ನಿಂತೇ ಇದ್ದ, ಅತ್ತ ಅಕ್ಕ ಇನ್ನೂ ವಿಮಾನವನ್ನೇ ಹತ್ತಿರಲಿಲ್ಲ. ಟಿಕೆಟ್ಟಿನಲ್ಲಿ ಇಳಿಯುವ ಸಮಯದ ಪಕ್ಕ ಚಿಕ್ಕದಾಗಿ +2 ಎಂದು ಅಚ್ಚಾಗಿರುತ್ತದೆ, ಹೊರಟ ತಾರೀಕಿಗೆ ಎರಡು ದಿನ ಕೂಡಿಸಬೇಕೆಂದು ಅದರ ಅರ್ಥ. ಯಾರೂ ಗಮನಿಸದ ಆ ಅಂಕಿಯೇ ಇಡೀ ಟಿಕೆಟ್ಟಿನಲ್ಲಿ ಮುಖ್ಯವಾದದ್ದು.

ಟಿಕೆಟ್ಟಿನಲ್ಲಿ ಬರೆದ ಅವಧಿ ಹಾರುವ ಹೊತ್ತು ಮಾತ್ರವಲ್ಲ. ಪ್ರಯಾಣಿಕರು ಹತ್ತುವ ಸೇತುವೆಯಿಂದ ವಿಮಾನ ಹಿಂದಕ್ಕೆ ಸರಿದ ಕ್ಷಣದಿಂದ, ತಲುಪುವ ಊರಿನಲ್ಲಿ ಹೋಗಿ ನಿಂತು ಚಕ್ರಕ್ಕೆ ಅಡ್ಡ ಇಡುವವರೆಗಿನ ಹೊತ್ತು ಅದು. ಎರಡು ಕಡೆಯೂ ನೆಲದ ಮೇಲೆ ಓಡಾಡುವ ಹತ್ತಿಪ್ಪತ್ತು ನಿಮಿಷಗಳು ಅದರಲ್ಲಿ ಸೇರಿರುತ್ತವೆ. ಗಾಳಿಯ ಏರುಪೇರಿಗೆಂದು ಒಂದಿಷ್ಟು ಸಡಿಲವನ್ನೂ ಇಟ್ಟಿರುತ್ತಾರೆ. ಹಾಗಾಗಿ ಅರ್ಧ ಗಂಟೆ ಬೇಗ ಇಳಿದರೆ ಅಚ್ಚರಿಪಡಬೇಡಿ.

ಟಿಕೆಟ್ ಮಾಡಿಸುವವರು ಹೇಳಿದ 22 ಗಂಟೆ ನಡುವೆ ಒಂದು ಕಡೆ ಇಳಿದು ಹೋಗುವ ಪ್ರಯಾಣದ್ದು. ಅದರಲ್ಲಿ ಎಲ್ಲಿ ಇಳಿಯುತ್ತೀರಿ ಎಂಬುದು ಬಹಳ ಮುಖ್ಯ. ಗೋಳದ ಮೇಲೆ ಎಳೆದ ದಾರವನ್ನು ಮತ್ತೆ ನೆನೆಯಿರಿ. ದೆಹಲಿ ಆ ದಾರದ ಬದಿಯಲ್ಲೇ ಇದೆ: ಬೆಂಗಳೂರು–ದೆಹಲಿ ಸುಮಾರು 1,710 ಕಿ.ಮೀ., ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 12,370, ಕೂಡಿದರೆ 14,080. ನೇರ ದೂರಕ್ಕಿಂತ 100 ಕಿ.ಮೀ. ಕೂಡ ಹೆಚ್ಚಲ್ಲ. ಟೋಕಿಯೊ ಮೂಲಕ ಹೋದರೆ ಒಟ್ಟು 15,000ದ ಒಳಗೆ. ದುಬೈ ಮೂಲಕವಾದರೆ ಸುಮಾರು 15,700, ಫ್ರಾಂಕ್‌ಫರ್ಟ್ ಮೂಲಕ 16,600ರ ಹತ್ತಿರ, ಸಿಂಗಪುರದ ಮೂಲಕ 16,700ಕ್ಕೂ ಮೇಲೆ. ದುಬೈನಲ್ಲಿ ಇಳಿಯುವುದರಲ್ಲಿ ಇನ್ನೊಂದು ಅಂಶವಿದೆ. ಬೆಂಗಳೂರಿನಿಂದ ಅಲ್ಲಿಗೆ ನಾಲ್ಕು ಗಂಟೆಯಷ್ಟೆ, ಅಲ್ಲಿಂದ ಮುಂದೆ ಸುಮಾರು 13,000 ಕಿ.ಮೀ. ಒಂದೇ ಏಟಿಗೆ ಕೂರಬೇಕು. ನೇರ ವಿಮಾನದ ದಣಿವೂ ತಪ್ಪಲಿಲ್ಲ, ನಡುವೆ ಇಳಿಯುವ ಗೋಜೂ ತಪ್ಪಲಿಲ್ಲ ಎಂಬಂತಾಗುತ್ತದೆ. ಫ್ರಾಂಕ್‌ಫರ್ಟ್ ಅಥವಾ ಟೋಕಿಯೊ ದಾರಿಯನ್ನು ಎರಡು ಸಮನಾದ ತುಂಡುಗಳಾಗಿ ಒಡೆಯುತ್ತವೆ, ನಡುವೆ ಮೂರು ನಾಲ್ಕು ಗಂಟೆ ಕಾಲು ಚಾಚಿ ಓಡಾಡಲು ಸಿಗುತ್ತದೆ. ಯುರೋಪಿನಲ್ಲಿ ಇಳಿಯುವುದಾದರೆ ಆ ನಿಲ್ದಾಣದ ಮಟ್ಟಿಗೆ ವೀಸಾ ಬೇಕೇ ಎಂಬುದನ್ನು ಟಿಕೆಟ್ಟಿಗೆ ಹಣ ಕಟ್ಟುವ ಮುನ್ನವೇ ಖಚಿತ ಮಾಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದ್ದೀರಿ. ಇಬ್ಬರಿಗೂ ನಡೆಯಲು ತೊಂದರೆಯಿಲ್ಲದಿದ್ದರೆ, ಹೋಗುವಾಗ ಜನವರಿಯ ಗಾಳಿ ನಿಮ್ಮ ಪರವಾಗಿರುವುದರಿಂದ, ಆಗ ನೇರ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ. ಗುರುತಿಲ್ಲದ ನಿಲ್ದಾಣದಲ್ಲಿ ಬಾಗಿಲು ಹುಡುಕುವ, ಮತ್ತೆ ಭದ್ರತಾ ತಪಾಸಣೆಗೆ ನಿಲ್ಲುವ ಆತಂಕ ಇರುವುದಿಲ್ಲ. ಬರುವಾಗ ಹದಿನೇಳೂವರೆ ಗಂಟೆ ಒಂದೇ ಕಡೆ ಕೂರುವ ಬದಲು ದಾರಿಯನ್ನು ಸಮನಾಗಿ ಒಡೆಯುವ ಊರಿನಲ್ಲಿ ಒಮ್ಮೆ ಇಳಿಯುವುದೇ ಹಿತ. ಎರಡರಲ್ಲೂ ನಡುದಾರಿಯ ಪಕ್ಕದ ಆಸನ ಕೇಳಿ ಪಡೆದು, ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ; ಕಾಲಿನ ರಕ್ತನಾಳದಲ್ಲಿ ರಕ್ತ ಗಟ್ಟಿಯಾಗದಿರಲು ಅದು ಅಗತ್ಯ. ನಿತ್ಯದ ಮಾತ್ರೆಗಳಿದ್ದರೆ, ವಿಶೇಷವಾಗಿ ಸಕ್ಕರೆ ಕಾಯಿಲೆಯವು, ತಾರೀಕು ನೋಡಿ ನುಂಗಬೇಡಿ. ಹಿಂದಿನ ಮಾತ್ರೆಯಾಗಿ ಎಷ್ಟು ಗಂಟೆಯಾಯಿತೆಂದು ಎಣಿಸಬೇಕು. ಆ ಪಟ್ಟಿಯನ್ನು ಹೊರಡುವ ಮುನ್ನ ನಿಮ್ಮ ವೈದ್ಯರಿಂದಲೇ ಬರೆಸಿಕೊಂಡು ಕೈಚೀಲದಲ್ಲಿಡಿ, ಒಬ್ಬರ ಕೈಗಡಿಯಾರವನ್ನು ಇಳಿಯುವವರೆಗೂ ಬೆಂಗಳೂರಿನ ಸಮಯದಲ್ಲೇ ಬಿಟ್ಟಿರಿ.

ಮುಂದಿನ ಆಸನದ ಬೆನ್ನಿಗಿರುವ ಪರದೆಯಲ್ಲಿ ವಿಮಾನದ ನಕ್ಷೆ ಬರುತ್ತದೆ. ಜಪಾನ್ ದಾಟುವ ಹೊತ್ತಿಗೆ ನೆಲದ ಮೇಲಿನ ವೇಗ ಎಂಬ ಅಂಕಿಯನ್ನು ನೋಡಿ. ಅದು 1,050ನ್ನೋ 1,100ನ್ನೋ ತೋರಿಸುತ್ತಿದ್ದರೆ, ಅದರಿಂದ 890 ಕಳೆಯಿರಿ. ಉಳಿದದ್ದು ಆ ಗಳಿಗೆಯಲ್ಲಿ ನಿಮ್ಮ ಬೆನ್ನ ಹಿಂದಿರುವ ಗಾಳಿ. ಮಗಳಿಗೆ ಮಾತ್ರ ಟಿಕೆಟ್ಟಿನಲ್ಲಿರುವ ಐದು ಗಂಟೆಗೆ ಬಂದು ಕಾಯಬೇಡವೆಂದು ಹೇಳಿ. ವಿಮಾನ ಹೊರಟ ಮೇಲೆ ಅದರ ಸಂಖ್ಯೆಯನ್ನು ಫೋನಿನಲ್ಲಿ ಹಾಕಿ ನೋಡಿದರೆ ಅಂದಿನ ಗಾಳಿಗೆ ತಕ್ಕ ಇಳಿಯುವ ಸಮಯ ಅವಳಿಗೆ ಸಿಗುತ್ತದೆ. ನೀವು ವಲಸೆ ತಪಾಸಣೆ ಮುಗಿಸಿ, ಸಾಮಾನು ಎತ್ತಿಕೊಂಡು ಹೊರಬರಲು ಒಂದರಿಂದ ಒಂದೂವರೆ ಗಂಟೆ ಬೇಕು, ಸನ್ನಿವೇಲ್‌ನಿಂದ ನಿಲ್ದಾಣಕ್ಕೆ 45 ಕಿ.ಮೀ. ಅಷ್ಟೆ. ನೀವು ಇಳಿದ ಸುದ್ದಿ ಫೋನಿನಲ್ಲಿ ಕಂಡ ಮೇಲೆ ಅವಳು ಮನೆ ಬಿಟ್ಟರೂ ಸರಿಹೋಗುತ್ತದೆ.